ಮಗಳ ಜೊತೆ 5 ಕಿಲೋಮೀಟರ್

ಚಿಕ್ಕಮಗಳೂರಿನಲ್ಲಿ ಮಟ್ಟಸವಾದ ರಸ್ತೆ ಹುಡುಕುವುದೇ ಕಷ್ಟ. ಊರೇ ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಮೇಲಿದೆ. ಯಾವ ಕಡೆ ಹೊರಟರೂ ಒಂದು ಏರು, ಒಂದು ಇಳಿಜಾರು ಸಿಕ್ಕೇ ಸಿಗುತ್ತದೆ. ಆರನೇ ಕ್ಲಾಸಿನ ಮಗಳು 5 ಕಿ.ಮೀ. ಓಟಕ್ಕೆ ಇಬ್ಬರೂ ಹೆಸರು ಕೊಡೋಣ ಎಂದಾಗ ನನಗೆ ಮೊದಲು ನೆನಪಾಗಿದ್ದೇ ಈ ಏರಿಳಿತ.

ಶುರುವಿನಲ್ಲಿ ಮೈದಾನಕ್ಕೆ ಕರೆದುಕೊಂಡು ಹೋದೆ. 400 ಮೀಟರ್ ಟ್ರ್ಯಾಕ್ ಆದರೆ ಹನ್ನೆರಡೂವರೆ ಸುತ್ತು. ಅವಳಿಗೆ ಮೂರನೇ ಸುತ್ತಿಗೇ ಬೇಜಾರು. ಹಾಗಾಗಿ ಕೈಮರದ ಕಡೆಯ ರಸ್ತೆಗೆ ಬಂದೆವು. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಗಾಡಿಗಳ ಸಾಲು ಜಾಸ್ತಿ. ಬೆಳಕು ಹರಿದ ಕೂಡಲೇ ಹೊರಟು, ರಸ್ತೆಯ ಬಲಗಡೆ ಓಡುತ್ತಿದ್ದೆವು. ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣಬೇಕು, ಅಷ್ಟೇ.

ವೇಗಕ್ಕೆ ವಾಚ್ ನೋಡಲಿಲ್ಲ. ಮಕ್ಕಳ ಎದೆಬಡಿತ ದೊಡ್ಡವರಿಗಿಂತ ಜೋರಾಗಿರುತ್ತದೆ, ನನ್ನ ಲೆಕ್ಕ ಅವಳಿಗೆ ಹೊಂದುವುದಿಲ್ಲ. ಮಾತೇ ನಮ್ಮ ಅಳತೆ. ಸ್ಕೂಲಿನ ಕಥೆ ಸಲೀಸಾಗಿ ಬರುತ್ತಿದ್ದರೆ ಸರಿ. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಎಳೆದುಕೊಂಡರೆ ನಡಿಗೆ. ಕಥೆ ಅರ್ಧಕ್ಕೆ ನಿಲ್ಲಬಾರದು ಅಂತ ಅವಳೇ ನಿಧಾನ ಮಾಡುತ್ತಿದ್ದಳು!

ಏರನ್ನು ಎಲ್ಲರೂ ದೊಡ್ಡದು ಮಾಡುತ್ತಾರೆ. ನಿಜವಾಗಿ ಕಾಲು ಕೆಡಿಸುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆ ನೋವು ಗೊತ್ತಾಗುವುದು ಮಾರನೇ ದಿನ ಅಥವಾ ಅದರ ಮರುದಿನ. ಹಿಮ್ಮಡಿ ಊರಿ ಬ್ರೇಕ್ ಹಾಕಬೇಡ, ಪುಟ್ಟ ಪುಟ್ಟ ಹೆಜ್ಜೆ ಬೇಗ ಬೇಗ ಇಡು ಅಂತ ಹೇಳಿಕೊಟ್ಟೆ. ಇದನ್ನು ರೂಢಿ ಮಾಡಿಸುವುದಕ್ಕೇ ಹೆಚ್ಚು ಬೆಳಗ್ಗೆಗಳು ಹೋದವು.

ಓಟದ ಹಿಂದಿನ ರಾತ್ರಿಯೇ ಬಿಬ್‌ಗೆ, ಅಂದರೆ ಎದೆ ಮೇಲೆ ಹಾಕಿಕೊಳ್ಳುವ ನಂಬರ್ ಚೀಟಿಗೆ, ಪಿನ್ ಹಾಕಿಟ್ಟೆವು. ಹಳೇ ಶೂ, ಹಳೇ ಸಾಕ್ಸ್. ಬೆಳಗ್ಗೆ ಒಂದು ಬಾಳೆಹಣ್ಣು, ಸ್ವಲ್ಪ ನೀರು. ಇಡ್ಲಿ ಓಟ ಮುಗಿದ ಮೇಲೆ ಎಂದು ಮೊದಲೇ ಒಪ್ಪಂದ ಆಗಿತ್ತು. ಮಂಜು ಇತ್ತು, ಹೊರಡುವ ತನಕ ಸ್ವೆಟರ್ ತೆಗೆಯಲಿಲ್ಲ.

ಇಬ್ಬರೂ ಗುಂಪಿನ ಹಿಂದೆ ನಿಂತೆವು. ಶುರುವಾದ ಕೂಡಲೇ ಮಕ್ಕಳೆಲ್ಲ ಬಾಣ ಬಿಟ್ಟಂತೆ ಹೋದರು. ಇವಳಿಗೂ ಕಾಲು ತಡೆಯಲಿಲ್ಲ. "ಕಥೆ ಹೇಳು" ಎಂದೆ. ಮುಖ ಊದಿಸಿಕೊಂಡೇ ಹೇಳಿದಳು. ನಾನು ಪೂರ್ತಿ ಅವಳಿಗಿಂತ ಅರ್ಧ ಹೆಜ್ಜೆ ಹಿಂದೆಯೇ ಇದ್ದೆ. ಮುಂದೆ ಓಡುತ್ತಾ "ಬಾ, ಬಾ" ಅಂತ ಕೂಗುವ ಅಪ್ಪಂದಿರನ್ನು ನೋಡಿದರೆ ನನಗೆ ಮಕ್ಕಳ ಮೇಲೆ ಪಾಪ ಅನ್ನಿಸುತ್ತದೆ. ಮಗು ಆಗ ತನ್ನ ಉಸಿರು ಬಿಟ್ಟು ಅಪ್ಪನ ಬೆನ್ನು ನೋಡುತ್ತದೆ, ಅಲ್ವಾ?

ಮಧ್ಯದ ಏರಿನಲ್ಲಿ ಸ್ವಲ್ಪ ದೂರ ನಡೆದೆವು. ಮೊದಲು ಹಾರಿಹೋದ ಎಷ್ಟೋ ಮಕ್ಕಳು ಅಲ್ಲೇ ಸೊಂಟ ಹಿಡಿದು ನಿಂತಿದ್ದರು. ಕೊನೆಯ ಇಳಿಜಾರು ಬಂತು. "ಅಪ್ಪಾ, ನೀನು ನಿಧಾನಕ್ಕೆ ಬಾ" ಎಂದವಳೇ ಹೊರಟಳು. ಪುಟ್ಟ ಹೆಜ್ಜೆ, ಹೇಳಿಕೊಟ್ಟ ಹಾಗೇ. ನನಗೆ ಹಿಡಿಯಲು ಆಗಲಿಲ್ಲ.

ಮಾರನೇ ದಿನ ಮೆಟ್ಟಿಲು ಇಳಿಯಲು ಒದ್ದಾಡಿದವನು ನಾನು. ಅವಳು ಸ್ಕಿಪ್ಪಿಂಗ್ ಆಡುತ್ತಿದ್ದಳು. ಈಗ 10 ಕಿ.ಮೀ. ಬೇಕಂತೆ. ಸದ್ಯಕ್ಕೆ ಬೇಡ, ಮೊದಲು ಇದೇ ದೂರವನ್ನು ಎಲ್ಲೂ ನಡೆಯದೆ ಮುಗಿಸು ಎಂದಿದ್ದೇನೆ. "ನಡೆದಿದ್ದು ನಿನಗೋಸ್ಕರ" ಅನ್ನುತ್ತಾಳೆ.