ಮೊದಲು ಪ್ರಶ್ನೆ, ಆಮೇಲೆ ಲೆಕ್ಕ

ಸಂಶೋಧನಾ ವಿಧಾನದ ಪೇಪರ್ ತಗೊಂಡ ನನ್ನ ಜೂನಿಯರ್‌ಗಳಿಗೆ ಮೊದಲು ಹೇಳುವುದು ಇದೇ: ಪ್ರಶ್ನೆ ಚಿಕ್ಕದಿರಲಿ. 'ಬೆಂಗಳೂರಿನ ಸಾರಿಗೆ' ಪ್ರಶ್ನೆಯಲ್ಲ. 'ಜ್ಞಾನಭಾರತಿ ಸ್ಟಾಪಿನಲ್ಲಿ ಬೆಳಗ್ಗೆ ಬಸ್ಸಿಗೆ ಎಷ್ಟು ಹೊತ್ತು ಕಾಯುತ್ತಾರೆ?' ಇದು ಪ್ರಶ್ನೆ.

ಐವರ ಉತ್ತರ 4, 5, 6, 7, 38 ನಿಮಿಷ ಅಂದುಕೊಳ್ಳಿ. ಪೆನ್ನು ಹಿಡಿದು ಲೆಕ್ಕ ಮಾಡಿ. ಸರಾಸರಿ 12. ಆದರೆ ನಾಲ್ವರು ಅಷ್ಟು ಹೊತ್ತು ಕಾದೇ ಇಲ್ಲ, ಅಲ್ವಾ? ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿ: 6. ಅದೇ ಮಧ್ಯಾಂಕ. ಎರಡನ್ನೂ ಬರೆಯಿರಿ. ಆ 38 ಅನ್ನು ಮಾತ್ರ ಸುಮ್ನೆ ಅಳಿಸಬೇಡಿ, ಯಾಕೆ ಬಂತು ಅಂತ ವಿಚಾರಿಸಿ. ಕಾದು ಬೇಸತ್ತು ಆಟೋ ಹತ್ತಿದವರು ನಿಮ್ಮ ಪಟ್ಟಿಯಲ್ಲೇ ಇಲ್ಲ, ಅದನ್ನೂ ಬರೆಯಿರಿ.

ಎರಡು ಸ್ಟಾಪುಗಳ ಕಾಯುವ ಹೊತ್ತನ್ನು ಹೋಲಿಸಿದಾಗ ಪಿ-ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವನೀಯತೆ) 0.05ಕ್ಕಿಂತ ಕಡಿಮೆ ಬಂದರೆ 'ಸಾಬೀತಾಯಿತು' ಅನ್ನಬೇಡಿ. ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೆ ಇಂಥ ಫಲಿತಾಂಶ ಅಪರೂಪ, ಅಷ್ಟೇ. ಡೇಟಾ ಜಾಸ್ತಿಯಾದಾಗ ಆರ್ (R) ಅನ್ನೋ ಅಂಕಿಅಂಶ ಲೆಕ್ಕದ ಸಾಫ್ಟ್‌ವೇರ್ ಬಳಸಿ, ಅದು ಉಚಿತ.