ಎತ್ತರಿಸಿದ ಟ್ರಕ್ಕಿನ ಹಿಂದಿನ ಶಾಕ್ ಮೌಂಟ್: ವೆಲ್ಡಿಂಗ್‌ಗೆ ಮುನ್ನ ಅಳತೆ

ಲಿಫ್ಟ್ ಮಾಡಿದ ಆಫ್‌ರೋಡ್ ಟ್ರಕ್ಕಿಗೆ ಹಿಂದಿನ ಶಾಕ್ ಮೌಂಟ್‌ಗಳನ್ನು (ಶಾಕ್ ಅಬ್ಸಾರ್ಬರ್ ಹಿಡಿದಿಡುವ ಬ್ರಾಕೆಟ್‌ಗಳನ್ನು) ಸ್ವತಃ ತಯಾರಿಸುವವರು ಪ್ಲೇಟ್ ಕತ್ತರಿಸುವ ಮೊದಲು, ಆಕ್ಸಲ್ ಬಂಪ್ ಸ್ಟಾಪಿಗೆ (ಆಕ್ಸಲ್ ಮಿತಿಮೀರಿ ಮೇಲೇರದಂತೆ ತಡೆಯುವ ತುಂಡಿಗೆ) ಪೂರ್ತಿ ಒತ್ತಿದಾಗಲೂ ಪೂರ್ತಿ ಕೆಳಗೆ ಇಳಿಬಿದ್ದಾಗಲೂ ಶಾಕ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವೆ ಇರುವ ಅಂತರವನ್ನು ಅಳೆದುಕೊಳ್ಳಬೇಕು. ಶಾಕ್ ಪೂರ್ತಿ ಕುಗ್ಗಿ ತಳ ಮುಟ್ಟುವುದಕ್ಕೆ ಮುಂಚೆಯೇ ಬಂಪ್ ಸ್ಟಾಪ್ ಭಾರ ಹೊರುವಂತಿರಬೇಕು. ಇಲ್ಲವಾದರೆ ಪ್ರತಿ ಹೊಡೆತವೂ ನೇರವಾಗಿ ಮೌಂಟಿನ ವೆಲ್ಡ್ ಮೇಲೆ ಬೀಳುತ್ತದೆ.

ಜಾಗ ಸಾಲದೆಂದು ಶಾಕ್ ಅನ್ನು ವಿಪರೀತ ಓರೆಯಾಗಿಸುವುದು ನನಗೆ ಒಪ್ಪಿಗೆಯಿಲ್ಲ, ಎಷ್ಟೋ ಗಾಡಿಗಳಲ್ಲಿ ಅದು ನೋಡಲು ಚೆನ್ನಾಗಿದ್ದರೂ. ಲಂಬದಿಂದ 45 ಡಿಗ್ರಿ ವಾಲಿದಾಗ, ಆಕ್ಸಲ್ 100 ಮಿ.ಮೀ. ಏರಿದರೆ ಶಾಕ್ ಸುಮಾರು 70 ಮಿ.ಮೀ. ಮಾತ್ರ ಕುಗ್ಗುತ್ತದೆ, ಅದು ಕೊಡುವ ಬಲದಲ್ಲಿಯೂ ಅಷ್ಟೇ ಪಾಲು ಲಂಬ ದಿಕ್ಕಿನಲ್ಲಿ ದೊರೆಯುವುದರಿಂದ, ಕುಲುಕಾಟವನ್ನು ತಡೆಯುವ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಬೋಲ್ಟಿನ ಎರಡೂ ಬದಿಗೆ ಪ್ಲೇಟ್ ಬರುವಂತೆ ಬ್ರಾಕೆಟ್ ಮಾಡಿ, ಮೊದಲು ಟ್ಯಾಕ್ (ತಾತ್ಕಾಲಿಕವಾದ ಚಿಕ್ಕ ವೆಲ್ಡ್) ಮಾತ್ರ ಹಾಕಿ, ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಆಕ್ಸಲ್‌ನ ಒಂದೊಂದೇ ಬದಿಯನ್ನು ಎತ್ತಿ ಇಳಿಸುತ್ತಾ, ಶಾಕ್ ಎಲ್ಲಿಯೂ ಚಾಸಿಗೆ, ಟೈರಿಗೆ ಅಥವಾ ಬ್ರೇಕ್ ಹೋಸಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪೂರ್ತಿ ವೆಲ್ಡ್ ಮಾಡುವಾಗ ಬ್ಯಾಟರಿಯ ಸಂಪರ್ಕ ತೆಗೆದಿರಬೇಕು. ಆಕ್ಸಲ್ ಟ್ಯೂಬ್ ಬಾಗದಂತೆ ಚಿಕ್ಕ ಚಿಕ್ಕ ಬೀಡ್‌ಗಳನ್ನು (ವೆಲ್ಡ್ ಗೆರೆಗಳನ್ನು) ಬಿಟ್ಟು ಬಿಟ್ಟು ಹಾಕಬೇಕು.