ಆಲೆಮನೆಯಲ್ಲೂ ಅರಮನೆ ಮುಂದೆಯೂ ನನ್ನ ಚಿಕ್ಕ ಕ್ಯಾಮೆರಾ

ಜೇಬಲ್ಲಿ ಹಿಡಿಸುವ ಕ್ಯಾಮೆರಾಗೆ ಮ್ಯಾನುಯಲ್ ಮೋಡ್ (ಸೆಟ್ಟಿಂಗೆಲ್ಲ ನಾವೇ ಕೈಯಿಂದ ಇಡುವುದು) ಯಾಕೆ ಅಂತ ಕೇಳುವವರಿಗೆ ನಾನು ಮಂಡ್ಯ ಕಡೆಯ ಆಲೆಮನೆ ವಿಷಯ ಹೇಳುತ್ತೇನೆ. ಒಳಗೆ ಅರೆಗತ್ತಲು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಎಲ್ಲಿ ನೋಡಿದರೂ ಹಬೆ. ಆಟೋದಲ್ಲಿ ಇಟ್ಟರೆ ಕ್ಯಾಮೆರಾ ಕತ್ತಲು ಅಂತ ಫ್ಲ್ಯಾಶ್ ಹೊಡೆಯುತ್ತದೆ, ಆ ಬೆಳಕು ಹಬೆಗೆ ಬಡಿದು ವಾಪಸ್ ಬಂದು ಫೋಟೋ ತುಂಬಾ ಬಿಳಿ ಪರದೆ ಬೀಳುತ್ತದೆ. ಫೋಕಸ್ ಕೂಡ ಹಬೆಯಲ್ಲಿ ಏನೂ ಸಿಗದೆ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ.

ನನ್ನದು 2009ರ ಕ್ಯಾನನ್ ಪವರ್‌ಶಾಟ್ ಎಸ್90. ಫ್ಲ್ಯಾಶ್ ಆಫ್. ಝೂಮ್ ಮಾಡದೆ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು, ಎಫ್ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು) ಎಫ್/2.8 ಇಟ್ಟು, ಫೋಕಸ್ಸನ್ನು ಕೈಯಿಂದ 2 ಮೀಟರಿಗೆ ನಿಲ್ಲಿಸುತ್ತೇನೆ. ಇಷ್ಟು ಚಿಕ್ಕ ಸೆನ್ಸರಿನಲ್ಲಿ (ಚಿತ್ರ ಹಿಡಿಯುವ ಚಿಪ್) ಹೀಗೆ ಮಾಡಿದರೆ ಸುಮಾರು 1 ಮೀಟರಿನಿಂದ ಆಚೆ ಇರುವುದೆಲ್ಲ ಸ್ಪಷ್ಟ. ಆಮೇಲೆ ಫೋಕಸ್ ಬಗ್ಗೆ ಯೋಚನೆಯೇ ಬೇಡ, ಪಾಕ ಅಚ್ಚಿಗೆ ಸುರಿಯುವ ಹೊತ್ತಿಗೆ ಬಟನ್ ಒತ್ತಿದ ಕೂಡಲೇ ಫೋಟೋ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಶಟರ್ (ಬೆಳಕು ಒಳಗೆ ಬರುವ ಹೊತ್ತು) 1/30 ಸೆಕೆಂಡು. ಪಾಕ ತಿರುವುವವರ ಕೈ ಸ್ವಲ್ಪ ಅಲುಗಾಡಿದಂತೆ ಬರುತ್ತದೆ, ನನಗೆ ಅದು ಇಷ್ಟ, ಅಲ್ಲಿನ ಕೆಲಸದ ಬಿರುಸು ಅದರಲ್ಲೇ ಕಾಣುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಚಿಕ್ಕ ಕ್ಯಾಮೆರಾದಲ್ಲಿ ಅಪರ್ಚರ್ ಬದಲಿಸಿ ಹಿನ್ನೆಲೆ ಮಸುಕು ಮಾಡುತ್ತೇನೆ ಅಂತ ಹೊರಟರೆ ನಿರಾಸೆಯೇ ಜಾಸ್ತಿ. ಈ ಕ್ಯಾಮೆರಾದ ಎಫ್/2 ಅಂದರೆ, ಹಿನ್ನೆಲೆಯ ಲೆಕ್ಕದಲ್ಲಿ, ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದ ಎಫ್/9ರಷ್ಟೇ. ಎಫ್/8ರವರೆಗೆ ಮುಚ್ಚಿದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ತೂತಿನಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಚಿತ್ರದ ವಿವರ ಮಸುಕಾಗುತ್ತದೆ. ಕೈಯಲ್ಲಿ ಇರಬೇಕಾದ್ದು ಶಟರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವಂತೆ ಬಣ್ಣ ಸರಿಮಾಡುವುದು).

ಮೈಸೂರು ಅರಮನೆಯ ದೀಪಾಲಂಕಾರವನ್ನೇ ನೋಡಿ. ಭಾನುವಾರ ಸಂಜೆ ಸುಮಾರು 1 ಲಕ್ಷ ಬಲ್ಬು ಹತ್ತಿಕೊಳ್ಳುತ್ತವೆ, ಆದರೆ ಫ್ರೇಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಆಕಾಶ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಆ ಕಪ್ಪನ್ನು ಬೂದು ಮಾಡಲು ಹೋಗಿ ಬೆಳಕು ಜಾಸ್ತಿ ತೆಗೆದುಕೊಳ್ಳುತ್ತದೆ, ಕಮಾನುಗಳೆಲ್ಲ ಕರಗಿ ಒಂದೇ ಹಳದಿ ಗುಡ್ಡೆ. ನಾನು ಐಎಸ್‌ಒ 80, ಎಫ್/4, 1/4 ಸೆಕೆಂಡಿನಿಂದ ಶುರು ಮಾಡಿ, ಬಲ್ಬುಗಳು ಬಿಡಿಬಿಡಿಯಾಗಿ ಕಾಣುವವರೆಗೆ ಶಟರ್ ಬದಲಿಸುತ್ತೇನೆ. ಟ್ರೈಪಾಡ್ ಬೇಡ, ಯಾವುದಾದರೂ ಕಟ್ಟೆ ಮೇಲಿಟ್ಟು 2 ಸೆಕೆಂಡಿನ ಟೈಮರ್ ಹಾಕಿದರೆ ಸಾಕು.

ದೇವರಾಜ ಮಾರ್ಕೆಟ್ಟಿನಲ್ಲಿ ತೊಂದರೆ ಬೇರೆ. ನೀಲಿ ಟಾರ್ಪಾಲಿನ ಕೆಳಗೆ ಮಲ್ಲಿಗೆ ನೀಲಿಯಾಗುತ್ತದೆ. ಅದೇ ನೆರಳಿನಲ್ಲಿ ಬಿಳಿ ಹಾಳೆ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ತೆಗೆದುಕೊಂಡರೆ ಹೂವಿಗೆ ಅದರ ಬಿಳುಪು ವಾಪಸ್ ಬರುತ್ತದೆ. ಸಂಜೆ ಅಂಗಡಿಯ ದೀಪಗಳಲ್ಲಿ ಶಟರ್ 1/50 ಅಥವಾ 1/100. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಇದಕ್ಕಿಂತ ಹೆಚ್ಚು ವೇಗ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಮಂಕು.

ಮ್ಯಾನುಯಲ್ ಮೋಡ್ ಇಲ್ಲದ ಹಳೆಯ ಕ್ಯಾನನ್ ಮನೆಯಲ್ಲಿದ್ದರೆ ಸುಮ್ನೆ ಮೂಲೆಗೆ ಹಾಕಬೇಡಿ. ಸಿಎಚ್‌ಡಿಕೆ ಅನ್ನುವ ಉಚಿತ ತಂತ್ರಾಂಶ ಮೆಮೊರಿ ಕಾರ್ಡಿನಿಂದಲೇ ಓಡುತ್ತದೆ, ಕ್ಯಾಮೆರಾದ ಒಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನು ಮುಟ್ಟುವುದಿಲ್ಲ. ಎಷ್ಟೋ ಮಾಡೆಲ್‌ಗಳಿಗೆ ಅದು ಶಟರ್ ಹಿಡಿತವನ್ನೂ ರಾ ಫೈಲನ್ನೂ (ಸೆನ್ಸರಿನಿಂದ ಬಂದ ಹಾಗೇ ಇರುವ, ತಿದ್ದದ ಚಿತ್ರ) ಕೊಡುತ್ತದೆ. ನಿಮ್ಮ ಮಾಡೆಲ್ ಮತ್ತು ಫರ್ಮ್‌ವೇರ್ ಆವೃತ್ತಿ ಅದರ ಪಟ್ಟಿಯಲ್ಲಿದೆಯಾ ನೋಡಿಕೊಂಡು ಹಾಕಿ.